ದೋಣಿಯಿಂದ ಕಂಡ ಕೊಚ್ಚಿ: ಗಣರಾಜ್ಯೋತ್ಸವದ ರಜೆಯಲ್ಲೊಂದು ಪ್ರವಾಸ

ಶುಕ್ರವಾರ

ಈ ವರ್ಷ ಗಣರಾಜ್ಯೋತ್ಸವ ಸೋಮವಾರ ಬಂದಿದ್ದರಿಂದ ವಾರಾಂತ್ಯದ ಜೊತೆಗೆ ಇನ್ನೊಂದು ದಿನದ ರಜೆ ಕೂಡಿಬಂದಿತ್ತು. ಅದನ್ನು ಬೆಂಗಳೂರಿನ ಮನೆಯಲ್ಲಿಯೇ ಆರಾಮವಾಗಿ ಕಳೆಯುವುದೆಂದು ಮಾತಾಗಿತ್ತು. ಆದರೆ ಶುಕ್ರವಾರ ಮಧ್ಯಾಹ್ನ ಇವರು ಕಚೇರಿಯಿಂದ ಫೋನ್ ಮಾಡಿ, "ಎರ್ನಾಕುಲಂಗೆ ಹೋಗುವ ರಾತ್ರಿಯ ಐರಾವತದಲ್ಲಿ ಎರಡು ಸೀಟು ಖಾಲಿ ಕಾಣಿಸುತ್ತಿದೆ, ಯಾರೋ ರದ್ದು ಮಾಡಿರಬೇಕು. ಹೊರಡೋಣವೇ?" ಎಂದು ಕೇಳಿದರು. ನಾನು ಉತ್ತರ ಹೇಳುವಷ್ಟರಲ್ಲಿ ಆ ಸೀಟುಗಳೂ ಹೋಗಿಬಿಟ್ಟಾವೆಂಬ ಆತಂಕದಿಂದ, "ಮೊದಲು ಟಿಕೆಟ್ ಮಾಡಿ, ಆಮೇಲೆ ಯೋಚಿಸೋಣ" ಎಂದೆ. ಸಂಜೆ ಇವರು ಮನೆ ಸೇರುವ ಹೊತ್ತಿಗೆ ಒಂದೇ ಚೀಲದಲ್ಲಿ ಇಬ್ಬರ ಬಟ್ಟೆಯೂ ತುಂಬಿಯಾಗಿತ್ತು.

ಇಷ್ಟು ಬೇಗ ಒಪ್ಪಲು ಕಾರಣವಿತ್ತು. ಇವರ ಊರು ಹೊನ್ನಾವರ. ಶರಾವತಿಯು ಸಮುದ್ರ ಸೇರುವ ಅಳಿವೆಯ ದಂಡೆಯಲ್ಲಿ ಆಡಿ ಬೆಳೆದವರು. ನನ್ನ ತವರು ಶಿರಸಿಯ ಹತ್ತಿರದ ಒಂದು ಹಳ್ಳಿ. ಅಲ್ಲಿ ಅಡಿಕೆ ಮರಗಳಿಗೆ ಹಬ್ಬಿದ ಕಾಳುಮೆಣಸಿನ ಬಳ್ಳಿ ಇಲ್ಲದ ತೋಟವೇ ಇಲ್ಲ. ಅಳಿವೆಯೂ ಮೆಣಸೂ ಕೂಡಿ ಕಟ್ಟಿದ ಊರೊಂದು ಈ ಪಶ್ಚಿಮ ಕರಾವಳಿಯಲ್ಲಿ ಇದ್ದರೆ ಅದು ಕೊಚ್ಚಿ. ಹೀಗಾಗಿ ಆ ಊರಿನ ನೀರದಂಡೆಯನ್ನು ನೋಡಬೇಕೆಂಬ ಆಸೆ ಇಬ್ಬರಿಗೂ ಬಹುಕಾಲದಿಂದ ಇತ್ತು.

ಶನಿವಾರ

ಸೇಲಂ, ಕೊಯಮತ್ತೂರುಗಳು ನಿದ್ದೆಯಲ್ಲಿ ದಾಟಿಹೋದವು. ಪಾಲಕ್ಕಾಡು ಮತ್ತು ತ್ರಿಶೂರುಗಳ ನಡುವಿನ ಕುದಿರಾನ್ ಸುರಂಗದೊಳಗೆ ಬಸ್ಸು ನುಗ್ಗಿದಾಗ ಎಚ್ಚರವಾಯಿತು. ಹೊರಬಂದಾಗ ತೆಂಗು, ಬಾಳೆ, ಕೆಂಪು ಹೆಂಚಿನ ಮನೆಗಳ ಮೇಲೆ ಬೆಳಕು ಹರಿಯುತ್ತಿತ್ತು. ಎರ್ನಾಕುಲಂ ಎಂದರೆ ಕೊಚ್ಚಿಯ ಒಳನಾಡಿನ ಕಡೆಯ ಭಾಗ. ಅಲ್ಲಿನ ವೈಟಿಲದಲ್ಲಿ ಇಳಿದು, ಅಲ್ಲಿಯೇ ಇರುವ ಮೆಟ್ರೊ ರೈಲು ಹಿಡಿದು ಮಹಾರಾಜಾಸ್ ಕಾಲೇಜು ನಿಲ್ದಾಣಕ್ಕೆ ಬಂದೆವು. ದೋಣಿಯ ಜೆಟ್ಟಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಒಂದು ಸಾಧಾರಣ ವಸತಿಗೃಹ ಸಿಕ್ಕಿತು. ಸ್ನಾನ ಮುಗಿಸಿ, ಬೀದಿಯಂಚಿನ ಹೋಟೆಲಿನಲ್ಲಿ ಹಬೆಯಾಡುವ ಪುಟ್ಟು ಮತ್ತು ಕಡಲೆ ಸಾರು ತಿಂದು, ಹೈಕೋರ್ಟ್ ಬಳಿಯ ಜಲಮೆಟ್ರೊ ನಿಲ್ದಾಣದ ಕಡೆಗೆ ನಡೆದೆವು.

ಕೊಚ್ಚಿಯ ಜಲಮೆಟ್ರೊ 2023ರ ಏಪ್ರಿಲ್‌ನಲ್ಲಿ ಆರಂಭವಾಯಿತು. 10 ದ್ವೀಪಗಳನ್ನು 38 ನಿಲ್ದಾಣಗಳಿಂದ ಜೋಡಿಸುವ, ಒಟ್ಟು 78 ಕಿಲೋಮೀಟರ್ ಉದ್ದದ ಜಲಮಾರ್ಗದ ಯೋಜನೆ ಅದು. ಈಗ ಅದರ ಒಂದು ಭಾಗ ಮಾತ್ರ ಓಡಾಟದಲ್ಲಿದೆ. ದೋಣಿಗಳು ಬ್ಯಾಟರಿಯಿಂದ ಓಡುತ್ತವೆ. ಅವನ್ನು ಕಟ್ಟಿದ್ದು ಇದೇ ಊರಿನ ಕೊಚ್ಚಿನ್ ಶಿಪ್‌ಯಾರ್ಡ್. 2022ರಲ್ಲಿ ನೌಕಾಪಡೆ ಸೇರಿದ ವಿಮಾನವಾಹಕ ನೌಕೆ ವಿಕ್ರಾಂತ್ ಸಿದ್ಧವಾದದ್ದೂ ಅಲ್ಲಿಯೇ. ಯುದ್ಧನೌಕೆ ಕಟ್ಟಿದ ಅಂಗಳದಲ್ಲಿಯೇ ಕೆಲಸಕ್ಕೆ ಹೋಗುವವರ ದಿನನಿತ್ಯದ ದೋಣಿಯೂ ತಯಾರಾಗುತ್ತದೆ ಎಂಬ ಸಂಗತಿ ನನಗೆ ತುಂಬ ಹಿಡಿಸಿತು.

ದೋಣಿ ಬಂದು ನಿಂತ ಕ್ರಮವನ್ನು ಇವರು ಕಣ್ಣು ಮಿಟುಕಿಸದೆ ನೋಡಿದರು. ಇಲ್ಲಿನ ಉಬ್ಬರ ಇಳಿತಗಳ ನಡುವೆ ನೀರು ಸುಮಾರು ಒಂದು ಮೀಟರಿನಷ್ಟು ಏರಿಳಿಯುತ್ತದೆ. ಕಲ್ಲಿನ ಜೆಟ್ಟಿಯಾದರೆ ಒಮ್ಮೆ ದೋಣಿಗೆ ಇಳಿಯಬೇಕು, ಇನ್ನೊಮ್ಮೆ ಹತ್ತಬೇಕು. ಇಲ್ಲಿ ಜೆಟ್ಟಿಯೇ ತೇಲುತ್ತದೆ. ನೀರಿನ ಜೊತೆ ಅದೂ ಏರಿ ಇಳಿಯುವುದರಿಂದ ದೋಣಿಯ ನೆಲವೂ ಜೆಟ್ಟಿಯ ನೆಲವೂ ಸದಾ ಒಂದೇ ಮಟ್ಟದಲ್ಲಿರುತ್ತವೆ. ನಮ್ಮ ಮುಂದೆ ಗಾಲಿಕುರ್ಚಿಯಲ್ಲಿದ್ದ ಒಬ್ಬ ಅಜ್ಜಿಯನ್ನು ಮಗಳು ಯಾರ ಸಹಾಯವನ್ನೂ ಕೇಳದೆ ನೇರವಾಗಿ ಒಳಗೆ ತಳ್ಳಿಕೊಂಡು ಹೋದಳು. "ನಮ್ಮಲ್ಲಿ ಅಮ್ಮನನ್ನು ದೋಣಿ ಹತ್ತಿಸಬೇಕಾದರೆ ಇಬ್ಬರು ಕೈ ಹಿಡಿಯಬೇಕಿತ್ತು" ಎಂದರು ಇವರು. ಜಲಸಾರಿಗೆಯ ಬಗ್ಗೆ ನಾನು ಎಷ್ಟೋ ಓದಿದ್ದೆ. ಅದರ ನಿಜವಾದ ಉಪಯೋಗ ತಿಳಿದದ್ದು ಆ ಗಾಲಿಕುರ್ಚಿ ಹೊಸ್ತಿಲು ದಾಟಿದ ಕ್ಷಣದಲ್ಲಿ.

ದೋಣಿ ಹೊರಟ ಮೇಲೆ ಊರಿನ ರಚನೆ ಸ್ಪಷ್ಟವಾಗತೊಡಗಿತು. ಬಲಕ್ಕೆ ಬೋಲ್ಗಾಟಿ ದ್ವೀಪದ ಹಸಿರು. ಅಲ್ಲಿ ಡಚ್ಚರು 1744ರಲ್ಲಿ ಕಟ್ಟಿಸಿದ ಬಂಗಲೆ ಈಗ ಹೋಟೆಲಾಗಿದೆ. ಅದರಾಚೆ ವಲ್ಲಾರ್ಪಾಡಂ ದ್ವೀಪದ ಕಂಟೇನರ್ ಬಂದರಿನ ಎತ್ತರದ ಕ್ರೇನುಗಳು. ಎಡಕ್ಕೆ ಉದ್ದಕ್ಕೂ ಮಲಗಿದ ವಿಲ್ಲಿಂಗ್ಡನ್ ದ್ವೀಪ, ಅದರ ದಕ್ಕೆಗೆ ತಾಗಿ ನಿಂತ ಹಡಗುಗಳು. ಎದುರಿಗೆ, ವೈಪಿನ್ ದ್ವೀಪಕ್ಕೂ ಹಳೆಯ ಊರಾದ ಫೋರ್ಟ್ ಕೊಚ್ಚಿಗೂ ನಡುವೆ, ಸಮುದ್ರಕ್ಕೆ ತೆರೆದುಕೊಂಡ ಅಳಿವೆಯ ಬಾಗಿಲು.

ಈ ಬಾಗಿಲಿಗೆ ಒಂದು ಚರಿತ್ರೆ ಇದೆ. ಹಿಂದಿನ ಕಾಲದ ದೊಡ್ಡ ಬಂದರು ಇಲ್ಲಿಂದ ಉತ್ತರಕ್ಕೆ, ಕೊಡುಂಗಲ್ಲೂರಿನ ಕಡೆ ಇತ್ತು; ರೋಮನ್ನರ ಬರಹಗಳಲ್ಲಿ ಬರುವ ಮುಜಿರಿಸ್ ಅದೇ ಎಂದು ವಿದ್ವಾಂಸರು ಗುರುತಿಸುತ್ತಾರೆ. 1341ರಲ್ಲಿ ಪೆರಿಯಾರ್ ನದಿಗೆ ಬಂದ ಮಹಾಪೂರದಿಂದ ಆ ಕಡೆಯ ಬಾಗಿಲು ಹೂಳು ತುಂಬಿ ಮುಚ್ಚಿ, ಈ ಕಡೆಯ ಬಾಗಿಲು ಅಗಲವಾಗಿ ತೆರೆದುಕೊಂಡಿತೆಂದು ಹೇಳುತ್ತಾರೆ. ನದಿ ತೆರೆದ ಬಾಗಿಲಾದರೂ ದೊಡ್ಡ ಹಡಗುಗಳು ಒಳಗೆ ಬರುವಂತಿರಲಿಲ್ಲ, ಏಕೆಂದರೆ ಅಳಿವೆಗೆ ಅಡ್ಡಲಾಗಿ ಗಟ್ಟಿ ಮರಳುದಿಬ್ಬವೊಂದು ಇತ್ತು. ಹಡಗುಗಳು ಹೊರಸಮುದ್ರದಲ್ಲಿ ಲಂಗರು ಹಾಕಿ, ಸರಕನ್ನು ಸಣ್ಣ ದೋಣಿಗಳಲ್ಲಿ ಸಾಗಿಸಬೇಕಿತ್ತು. 1920ರಲ್ಲಿ ಇಲ್ಲಿಗೆ ಬಂದ ಬಂದರು ಎಂಜಿನಿಯರ್ ರಾಬರ್ಟ್ ಬ್ರಿಸ್ಟೋ ಆ ದಿಬ್ಬವನ್ನು ಕಡಿಯುವ ಕೆಲಸವನ್ನು ಕೈಗೆತ್ತಿಕೊಂಡರು. ಹಿನ್ನೀರಿನ ತಳದಿಂದ ಎತ್ತಿದ ಹೂಳನ್ನು ಒಂದೆಡೆ ಸುರಿಯುತ್ತ ಹೋದಂತೆ ಹುಟ್ಟಿದ ನೆಲವೇ ನಮ್ಮ ಎಡಕ್ಕಿದ್ದ ವಿಲ್ಲಿಂಗ್ಡನ್ ದ್ವೀಪದ ಬಹುಭಾಗ. 1928ರಲ್ಲಿ ಪದ್ಮಾ ಎಂಬ ಹಡಗು ಹೊಸ ಕಾಲುವೆಯ ಮೂಲಕ ಒಳಬಂದರಿಗೆ ಬಂತು.

ಹೊನ್ನಾವರದವರಿಗೆ ಇದು ಬರಿಯ ಚರಿತ್ರೆಯಾಗಿ ಕೇಳಿಸುವುದಿಲ್ಲ. ಶರಾವತಿಯ ಅಳಿವೆಯಲ್ಲಿ ಹೂಳು ತುಂಬಿ ಮೀನುಗಾರರ ದೋಣಿಗಳು ಅಲೆಗೆ ಸಿಕ್ಕಿ ಮಗುಚುವುದನ್ನು ಇವರು ಚಿಕ್ಕಂದಿನಿಂದ ಕೇಳುತ್ತ, ನೋಡುತ್ತ ಬಂದಿದ್ದಾರೆ. ಕಿಟಕಿಯ ಆಚೆ ಕೈ ತೋರಿಸಿ, "ನೋಡು, ಅಳಿವೆಯನ್ನು ಒಮ್ಮೆ ತೆರೆದರೆ ಮುಗಿಯುವುದಿಲ್ಲ, ವರ್ಷವೂ ತೆರೆಯುತ್ತಲೇ ಇರಬೇಕು" ಎಂದರು. ಅವರು ತೋರಿಸಿದ ಕಡೆ ಹೂಳೆತ್ತುವ ಒಂದು ಡ್ರೆಜ್ಜರ್ ಹಡಗು ಕಾಲುವೆಯ ನಡುವೆ ನಿಧಾನವಾಗಿ ಸಾಗುತ್ತಿತ್ತು. ಅದನ್ನು ಕಂಡ ಮೇಲೆ ಈ ಊರಿನ ಯಾವ ದಂಡೆಯನ್ನು ನೋಡಿದರೂ ಅದನ್ನು ಹಾಗೆ ಉಳಿಸಿಕೊಳ್ಳಲು ಬಿದ್ದ ದುಡಿಮೆಯೇ ನನ್ನ ಕಣ್ಣಿಗೆ ಮೊದಲು ಕಂಡಿತು.

ಫೋರ್ಟ್ ಕೊಚ್ಚಿಯಲ್ಲಿ ಇಳಿದು ನಡೆದರೆ ಕೆಲವೇ ನಿಮಿಷಗಳಲ್ಲಿ ಚೀನಾಬಲೆಗಳ ಸಾಲು. ಚಿತ್ರಗಳಲ್ಲಿ ನೂರು ಸಲ ನೋಡಿದ್ದರೂ ಅವು ಕೆಲಸ ಮಾಡುವ ಬಗೆಯನ್ನು ಹತ್ತಿರ ನಿಂತು ನೋಡಿದಾಗಲೇ ಅರ್ಥವಾಗುವುದು. ನಮ್ಮ ಕಡೆಯ ಹಳೆಯ ತೋಟಗಳಲ್ಲಿ ಬಾವಿಯಿಂದ ನೀರೆತ್ತುತ್ತಿದ್ದ ಏತದ ತತ್ವವೇ ಇಲ್ಲಿಯೂ ಇದೆ. ದಂಡೆಯಂಚಿನಲ್ಲಿ ನೆಟ್ಟ ಅಡ್ಡಮರದ ಮೇಲೆ ತೂಗುವ ಉದ್ದನೆಯ ತೊಲೆ. ಅದರ ನೀರಿನ ಕಡೆಯ ತುದಿಯಲ್ಲಿ ಬಾಗಿದ ನಾಲ್ಕು ಕೋಲುಗಳ ನಡುವೆ ಹರಡಿದ ಬಲೆ. ದಂಡೆಯ ಕಡೆ ಹಗ್ಗಗಳಿಗೆ ಕಟ್ಟಿ ತೂಗುಬಿಟ್ಟ ಕಲ್ಲುಗಳ ಸರ. ಒಬ್ಬಾತ ತೊಲೆಯ ಮೇಲೆ ಬರಿಗಾಲಿನಲ್ಲಿ ಎರಡು ಹೆಜ್ಜೆ ಮುಂದೆ ನಡೆದರೆ ಸಾಕು, ಅವನ ಭಾರಕ್ಕೆ ಬಲೆ ಮೆಲ್ಲಗೆ ನೀರಿಗೆ ಇಳಿಯುತ್ತದೆ. ಬಲೆ ಇಳಿದಂತೆ ಕಲ್ಲುಗಳು ಒಂದೊಂದಾಗಿ ಮೇಲೇಳುತ್ತವೆ. ಕೆಲವು ನಿಮಿಷ ಕಾದು, ನಾಲ್ಕೈದು ಜನ ಒಟ್ಟಿಗೆ ಹಗ್ಗ ಜಗ್ಗುತ್ತಾರೆ. ಕಲ್ಲುಗಳು ಒಂದೊಂದೇ ನೆಲ ಮುಟ್ಟುತ್ತ ಬರುವುದರಿಂದ ಬಲೆ ಎಲ್ಲಿಯೂ ಜರ್ಕು ಹೊಡೆಯದೆ, ಒಂದೇ ಹದದಲ್ಲಿ ಮೇಲೆ ಬರುತ್ತದೆ.

ಆ ಸಲ ಬಂದದ್ದು ಒಂದು ಬೊಗಸೆ ಬೆಳ್ಳಿಮೀನು, ಒಂದು ಏಡಿ, ನೀರಿನಲ್ಲಿ ತೇಲಿಬಂದ ಅಂತರಗಂಗೆಯ ಗೊಂಚಲು ಮತ್ತು ಪ್ಲಾಸ್ಟಿಕ್ ಬಾಟಲಿಗಳು. ಮೀನಿಗಿಂತ ಕಸ ಹೆಚ್ಚಾಗಿತ್ತು. ಬಲೆಯವರು ಅದನ್ನು ಬಿಡಿಸಿ ಬಿಡಿಸಿ ತೆಗೆಯುವುದನ್ನು ನೋಡುತ್ತ ನಿಲ್ಲುವುದು ನೋವಿನ ಸಂಗತಿ. ಈ ಬಲೆಗಳು ಚೀನೀಯರ ಕಾಲದಿಂದ ಬಂದವೆಂದು ಕೆಲವರೂ, ಮಕಾವಿನಿಂದ ಪೋರ್ಚುಗೀಸರು ತಂದರೆಂದು ಕೆಲವರೂ ಹೇಳುತ್ತಾರೆ. ಯಾರೇ ತಂದಿರಲಿ, ಇಂದು ಅವನ್ನು ನಿಲ್ಲಿಸಿಕೊಂಡು ಬಂದಿರುವವರು ಈ ಬೆಸ್ತರು. ಒಳ್ಳೆಯ ತೇಗದ ಮರ ದುಬಾರಿಯಾಗಿ ಕೆಲವು ಬಲೆಗಳಿಗೆ ಕಬ್ಬಿಣದ ಕೊಳವೆ ಬಂದಿದೆ. ಹಗ್ಗ ಜಗ್ಗಲು ಪ್ರವಾಸಿಗರನ್ನು ಕರೆದು, ಅವರು ಕೊಡುವ ಹಣದಿಂದಲೂ ದಿನ ದೂಡುತ್ತಾರೆ. ನಾವೂ ಹಗ್ಗಕ್ಕೆ ಕೈಹಾಕಿದೆವು. ತೆಂಗಿನ ನಾರಿನ ಹಗ್ಗ ಒದ್ದೆಯಾಗಿ, ಉಪ್ಪು ಹಿಡಿದು, ಅಂಗೈಯನ್ನು ಕೆಂಪಗೆ ಮಾಡಿತು.

ಸಂತ ಫ್ರಾನ್ಸಿಸ್ ಚರ್ಚು ಅಲ್ಲಿಂದ ಹತ್ತಿರ. 1503ರಲ್ಲಿ ಮರದಿಂದ ಕಟ್ಟಿ, 1516ರ ಹೊತ್ತಿಗೆ ಕಲ್ಲುಗಾರೆಯಲ್ಲಿ ಮತ್ತೆ ಕಟ್ಟಿದ ಈ ಗುಡಿ ಪೋರ್ಚುಗೀಸರಿಂದ 1663ರಲ್ಲಿ ಡಚ್ಚರಿಗೂ, 1795ರಲ್ಲಿ ಇಂಗ್ಲಿಷರಿಗೂ ಹೋಯಿತು. ವಾಸ್ಕೋ ಡ ಗಾಮ 1524ರ ಕ್ರಿಸ್‌ಮಸ್‌ನ ಹಿಂದಿನ ದಿನ ಕೊಚ್ಚಿಯಲ್ಲಿಯೇ ತೀರಿಕೊಂಡು ಇಲ್ಲಿ ಸಮಾಧಿಯಾದ. ಕೆಲವು ವರ್ಷಗಳ ನಂತರ ಅವನ ಅವಶೇಷಗಳನ್ನು ಪೋರ್ಚುಗಲ್ಲಿಗೆ ಒಯ್ದರು. ಕಂಬಿ ಹಾಕಿದ ಆ ಖಾಲಿ ಜಾಗದ ಸುತ್ತ ಜನ ಮುತ್ತಿದ್ದರು. ನನ್ನ ಗಮನ ಹೋದದ್ದು ಮೇಲೆ ತೂಗುವ ಬಟ್ಟೆಯ ಪಂಖಾಗಳ ಕಡೆಗೆ. ಅವುಗಳ ಹಗ್ಗ ಗೋಡೆಯ ಕಿಂಡಿಯ ಮೂಲಕ ಹೊರಗೆ ಹೋಗುತ್ತದೆ. ಒಳಗೆ ಪ್ರಾರ್ಥನೆ ನಡೆಯುವಾಗ ಹೊರಗೆ ಬಿಸಿಲಿನಲ್ಲಿ ಕುಳಿತು ಆ ಹಗ್ಗ ಎಳೆಯುತ್ತಿದ್ದವರ ಹೆಸರು ಯಾವ ಗೋಡೆಯ ಕಲ್ಲಿನ ಮೇಲೂ ಇಲ್ಲ.

ಸಂಜೆ ಅಳಿವೆಯ ಪಕ್ಕದ ಕಾಲುದಾರಿಯಲ್ಲಿ ಕುಳಿತಿದ್ದಾಗ ಇವರು ತಟ್ಟನೆ ನನ್ನ ಮುಂಗೈ ಹಿಡಿದರು. ಬಲೆಗಳ ಎದುರಿನ ನೀರಿನಲ್ಲಿ ಬೂದು ಬಣ್ಣದ ಬೆನ್ನೊಂದು ಎದ್ದು ಮುಳುಗಿತು. ಅದರ ಹಿಂದೆ ಇನ್ನೊಂದು. ಡಾಲ್ಫಿನ್‌ಗಳು. ಇಲ್ಲಿನವರಿಗೆ ಅದು ನಿತ್ಯದ ನೋಟ. ಪಕ್ಕದ ಐಸ್‌ಕ್ರೀಂ ಗಾಡಿಯವನು ತಲೆ ಎತ್ತಲೂ ಇಲ್ಲ. ನಾವು ಕತ್ತಲಾಗುವವರೆಗೆ ಅಲ್ಲಿಂದ ಏಳಲಿಲ್ಲ.

ಭಾನುವಾರ

ಫೋರ್ಟ್ ಕೊಚ್ಚಿಯ ಪಕ್ಕದ ಮಟ್ಟಾಂಚೇರಿಗೆ 2025ರ ಅಕ್ಟೋಬರಿನಿಂದ ಜಲಮೆಟ್ರೊ ದೋಣಿಯಿದೆ. ಅದು ವಿಲ್ಲಿಂಗ್ಡನ್ ದ್ವೀಪವನ್ನು ಹಾದು ಹೋಗುವುದರಿಂದ ಹಿಂದಿನ ದಿನ ದೂರದಿಂದ ಕಂಡ ದಕ್ಕೆಯನ್ನು ಇಂದು ಹತ್ತಿರದಿಂದ ನೋಡಿದೆವು.

ಮಟ್ಟಾಂಚೇರಿಯ ಅರಮನೆಯನ್ನು 16ನೆಯ ಶತಮಾನದ ನಡುಭಾಗದಲ್ಲಿ ಪೋರ್ಚುಗೀಸರು ಕಟ್ಟಿಸಿ ಕೊಚ್ಚಿಯ ಅರಸನಿಗೆ ಒಪ್ಪಿಸಿದರು. 1663ರ ನಂತರ ಡಚ್ಚರು ದುರಸ್ತಿ ಮಾಡಿಸಿದ್ದರಿಂದ ಜನರ ಬಾಯಲ್ಲಿ ಅದು ಡಚ್ ಅರಮನೆಯೇ ಆಗಿದೆ. ಹೊರಗಿನಿಂದ ಸರಳ ಕಟ್ಟಡ. ಒಳಗೆ ಅರಸರ ಮಲಗುವ ಕೋಣೆಯ ಗೋಡೆಗಳ ತುಂಬ ರಾಮಾಯಣ. ಕೆಮ್ಮಣ್ಣು, ಹಳದಿ, ಹಸಿರು ಬಣ್ಣಗಳಲ್ಲಿ ಪಾತ್ರಗಳು ಒಂದರ ಮೈಗೊಂದು ತಾಗುವಷ್ಟು ಒತ್ತಾಗಿ ನಿಂತಿವೆ. ಒಂದು ಗೇಣು ಜಾಗವೂ ಖಾಲಿ ಬಿಟ್ಟಿಲ್ಲ. ಛಾಯಾಚಿತ್ರ ತೆಗೆಯುವಂತಿಲ್ಲ. ಅದರಿಂದ ಒಳ್ಳೆಯದೇ ಆಯಿತು, ಏಕೆಂದರೆ ಎಲ್ಲರೂ ಕೈಕಟ್ಟಿ ನಿಂತು ಗೋಡೆಯನ್ನೇ ನೋಡುತ್ತಿದ್ದರು.

ಅರಮನೆಯ ಗುಡಿಗೂ ಯಹೂದಿಗಳ ಪರದೇಶಿ ಸಿನಗಾಗ್‌ಗೂ ನಡುವೆ ಹೆಚ್ಚು ಅಂತರವಿಲ್ಲ. ಅರಸನು ಕೊಟ್ಟ ಜಾಗದಲ್ಲಿ 1568ರಲ್ಲಿ ಕಟ್ಟಿದ ಆ ಪ್ರಾರ್ಥನಾಮಂದಿರದ ಗಡಿಯಾರದ ಗೋಪುರವನ್ನು 1760ರ ಸುಮಾರಿಗೆ ಎಜೆಕಿಯಲ್ ರಹಾಬಿ ಎಂಬ ವರ್ತಕ ಕಟ್ಟಿಸಿದ. ಗೋಪುರದ ಬೇರೆ ಬೇರೆ ಮುಖಗಳಲ್ಲಿ ಬೇರೆ ಬೇರೆ ಲಿಪಿಯ ಅಂಕಿಗಳಿವೆ. ಒಳಗೆ ಚೀನಾದಿಂದ ತರಿಸಿದ ನೀಲಿ ಬಿಳುಪು ಬಿಲ್ಲೆಗಳ ನೆಲ; ಎಲ್ಲವೂ ಕೈಯಿಂದ ಬರೆದವು. ಬರಿಗಾಲಿನಲ್ಲಿ ಅದರ ಮೇಲೆ ನಿಂತು ನಾನು ಒಂದೇ ತೆರನಾದ ಎರಡನ್ನು ಹುಡುಕಿದೆ. ಒಂದರಲ್ಲಿ ಮರದ ಕೊಂಬೆ ಎಡಕ್ಕೆ ಹೆಚ್ಚು ಬಾಗಿದ್ದರೆ ಇನ್ನೊಂದರಲ್ಲಿ ಎಲೆಗಳು ದಟ್ಟವಾಗಿದ್ದವು. ಮತ್ತೊಂದರಲ್ಲಿ ನೀಲಿ ಒಂದು ಕಡೆ ಹರಡಿ ಮಸುಕಾಗಿತ್ತು. ಕುಂಚ ಹಿಡಿದ ಕೈಯ ಗುರುತು ಪ್ರತಿಯೊಂದರಲ್ಲಿಯೂ ಇತ್ತು. ಈ ಬೀದಿಯ ಯಹೂದಿಗಳಲ್ಲಿ ಬಹುಪಾಲು ಜನ ಇಸ್ರೇಲ್ ಹುಟ್ಟಿದ ನಂತರ ಅಲ್ಲಿಗೆ ಹೊರಟುಹೋದರು. ಈಗ ಇಲ್ಲಿನ ಮನೆಗಳು ಹೆಚ್ಚಾಗಿ ಹಳೆಯ ವಸ್ತುಗಳ ಅಂಗಡಿಗಳಾಗಿವೆ.

ನಾನು ಕಾದಿದ್ದ ಜಾಗ ಬಜಾರ್ ರಸ್ತೆ. ಹಿನ್ನೀರಿಗೆ ಬೆನ್ನು ಮಾಡಿ ನಿಂತ ಹಳೆಯ ಗೋದಾಮುಗಳ ಈ ರಸ್ತೆಯಲ್ಲಿ ಶುಂಠಿ, ಏಲಕ್ಕಿ, ಮೆಣಸುಗಳ ವಾಸನೆ ಗೋಡೆಗೆ ಹತ್ತಿಕೊಂಡುಬಿಟ್ಟಿದೆ. ಕಟ್ಟಡಗಳ ಮುಂಬಾಗಿಲು ಬೀದಿಗೆ, ಹಿಂಬಾಗಿಲು ನೇರವಾಗಿ ನೀರಿಗೆ. ಸರಕು ದೋಣಿಯಿಂದಲೇ ಇಳಿದು ದೋಣಿಗೇ ಏರುತ್ತಿದ್ದ ಕಾಲದ ಏರ್ಪಾಡು ಇದು. ಭಾನುವಾರವಾದ್ದರಿಂದ ಸಗಟು ಮಳಿಗೆಗಳು ಮುಚ್ಚಿದ್ದವು. ಬಿನಾಲೆ ಕಲಾಪ್ರದರ್ಶನ ನಡೆಯುತ್ತಿದ್ದುದರಿಂದ ಕೆಲವು ಗೋದಾಮುಗಳು ಮಾತ್ರ ಚಿತ್ರ, ಶಿಲ್ಪಗಳನ್ನು ತುಂಬಿಕೊಂಡು ತೆರೆದಿದ್ದವು. ಕಲಾಕೃತಿಗಳನ್ನು ನೋಡುತ್ತ ನಿಂತವರ ಮೂಗಿಗೆ ಹಳೆಯ ಶುಂಠಿಯ ಘಾಟು ಬರುವುದು ಕೊಚ್ಚಿಯಲ್ಲಿ ಮಾತ್ರ ಇರಬೇಕು.

ತೆರೆದಿದ್ದ ಒಂದು ಚಿಲ್ಲರೆ ಅಂಗಡಿಯ ಹಿರಿಯರು ನಾನು ಮೆಣಸನ್ನು ಅಂಗೈಗೆ ಹಾಕಿಕೊಂಡು ಊದುವುದನ್ನು ನೋಡಿ, ಹಿಂದಿಯಲ್ಲಿ "ನಿಮ್ಮದು ತೋಟವೇ?" ಎಂದು ಕೇಳಿದರು. ಶಿರಸಿ ಎಂದಾಗ ಅವರ ಮುಖ ಅರಳಿತು. ನಾನು ಹಿಡಿದಿದ್ದ ಕಾಳನ್ನು ಚೀಲಕ್ಕೆ ಹಿಂದೆ ಹಾಕಿಸಿ, ಒಳಗಿನಿಂದ ಬೇರೆ ಚೀಲ ತರಿಸಿದರು. ಜೊಳ್ಳು, ತೊಟ್ಟು, ಧೂಳು ತೆಗೆದು ಜಾಲರಿ ಹಿಡಿದ ಕಾಳು ಅದು. ಮೆಣಸಿನ ವ್ಯಾಪಾರದಲ್ಲಿ ಗಾತ್ರಕ್ಕಿಂತ ಲೀಟರ್ ತೂಕ ಮುಖ್ಯ. ಒಂದು ಲೀಟರ್ ಅಳತೆಯ ಪಾತ್ರೆಯಲ್ಲಿ 550 ಗ್ರಾಂ ತೂಗಿದರೆ ಒಳ್ಳೆಯ ಮಾಲು. ನನ್ನ ಅಪ್ಪ ಈಗಲೂ ಕಾಳನ್ನು ಹಲ್ಲಿನಿಂದ ಒಡೆದು, ಒಳಗೆ ಟೊಳ್ಳಿದೆಯೇ ಎಂದು ನೋಡುತ್ತಾರೆ. ನಾನೂ ಒಂದನ್ನು ಒಡೆದೆ. ಗಟ್ಟಿಯಾದ ಬಿಳಿಯ ತಿರುಳು; ಕಣ್ಣಲ್ಲಿ ನೀರು ಬರುವಷ್ಟು ಖಾರ. ಕಾಲು ಕಿಲೋ ಕೊಂಡೆವು.

ಮೆಣಸಿನ ಮಾತು ಬಂದ ಮೇಲೆ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ನೆನೆಯದಿರಲು ನಮಗೆ ಸಾಧ್ಯವಾಗಲಿಲ್ಲ. ಕೊಚ್ಚಿಯ ಈ ಗೋದಾಮುಗಳಿಗಾಗಿ ಕಾದಾಡಿದ ಪೋರ್ಚುಗೀಸರೇ 16ನೆಯ ಶತಮಾನದಲ್ಲಿ ಆಕೆಯನ್ನು ಮೆಣಸಿನ ರಾಣಿ ಎಂದು ಕರೆದರು. ಇವರ ಹೊನ್ನಾವರದಲ್ಲಿಯೂ ಪೋರ್ಚುಗೀಸರ ಕೋಟೆ ಇತ್ತು. ಅದೇ ಕಡಲು, ಅದೇ ಮೆಣಸು, ಅದೇ ವರ್ತಕರು. ಹೊನ್ನಾವರದ ಬಂದರು ಸಣ್ಣದಾಗಿ ಉಳಿಯಿತು, ಕೊಚ್ಚಿ ಬೆಳೆಯಿತು. ಅಳಿವೆಯ ಆಳ ಒಂದು ಊರಿನ ಹಣೆಬರಹವನ್ನು ಇಷ್ಟರಮಟ್ಟಿಗೆ ಬರೆಯುತ್ತದೆ ಎಂಬುದನ್ನು ಇವರು ದಾರಿಯುದ್ದಕ್ಕೂ ಹೇಳುತ್ತ ಬಂದರು.

ಮಧ್ಯಾಹ್ನದ ಮೇಲೆ ಚೆರ್ಲಾಯಿಯ ತಿರುಮಲ ದೇವಸ್ಥಾನದ ಕಡೆ ಹೋದೆವು. ಅಲ್ಲಿ ಕಿವಿಗೆ ಬಿದ್ದ ಕೊಂಕಣಿಗೆ ಇವರು ತಿರುಗಿ ನಿಂತರು. 16ನೆಯ ಶತಮಾನದಲ್ಲಿ ಗೋವೆಯಿಂದ ಹೊರಟ ಕೊಂಕಣಿಗರಲ್ಲಿ ಕೆಲವರು ನಮ್ಮ ಕರಾವಳಿಯಲ್ಲಿ ನೆಲೆಸಿದರೆ, ಕೆಲವರು ಇಲ್ಲಿಯವರೆಗೆ ಬಂದರು. ಇವರ ಮನೆಮಾತು ಕೊಂಕಣಿಯಲ್ಲ. ಆದರೂ ಹೊನ್ನಾವರದ ಪೇಟೆಯಲ್ಲಿ ಬೆಳೆದವರಿಗೆ ಅದು ಬಾರದಿರಲು ಸಾಧ್ಯವಿಲ್ಲ. ಗುಡಿಯ ಹೊರಗೆ ಹೂ ಮಾರುತ್ತಿದ್ದ ಹಿರಿಯರೊಬ್ಬರೊಡನೆ ಮಾತಿಗಿಳಿದೇಬಿಟ್ಟರು. ಧಾಟಿ ಬೇರೆಯಿತ್ತು, ಮಲಯಾಳದ ಎಳೆತ ಬೆರೆತಿತ್ತು. ಆದರೆ ಇಬ್ಬರಿಗೂ ಅರ್ಥವಾಗದೆ ಉಳಿದದ್ದು ಏನೂ ಇರಲಿಲ್ಲ. ಕೊಚ್ಚಿಯ ಡಚ್ ಗವರ್ನರ್ ಹೆಂಡ್ರಿಕ್ ವಾನ್ ರೀಡೆ ಮಲಬಾರಿನ ಸಸ್ಯಗಳ ಬಗ್ಗೆ ಸಿದ್ಧಪಡಿಸಿದ ಹೋರ್ಟಸ್ ಮಲಬಾರಿಕಸ್ ಎಂಬ 12 ಸಂಪುಟಗಳ ಗ್ರಂಥ 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾಯಿತು. ಅದಕ್ಕೆ ನೆರವಾದವರು ಇಟ್ಟಿ ಅಚ್ಯುತನ್ ಎಂಬ ವೈದ್ಯರು ಮತ್ತು ಇಲ್ಲಿನ ಕೊಂಕಣಿಗರಾದ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟರು. ಅವರು ನಾಗರಿಯಲ್ಲಿ ಬರೆದುಕೊಟ್ಟ ಕೊಂಕಣಿ ಹೇಳಿಕೆ ಆ ಗ್ರಂಥದಲ್ಲಿ ಹಾಗೆಯೇ ಅಚ್ಚಾಗಿದೆ.

ರಾತ್ರಿ ಎರ್ನಾಕುಲದ ಮರೀನ್ ಡ್ರೈವಿನಲ್ಲಿ ನಡೆದೆವು. ಹೆಸರಿಗೆ ಡ್ರೈವ್ ಆದರೂ ಇಲ್ಲಿ ವಾಹನ ಓಡುವುದಿಲ್ಲ. ಹಿನ್ನೀರನ್ನು ತುಂಬಿಸಿ ಪಡೆದ ನೆಲದ ಅಂಚಿನ ಕಾಲುದಾರಿ ಇದು. ಬಿಲ್ಲಿನಾಕಾರದ ಸೇತುವೆಯ ದೀಪಗಳು ನೀರಿನಲ್ಲಿ ಬಿದ್ದಿದ್ದವು, ಮಕ್ಕಳು ಬಲೂನು ಹಿಡಿದು ಓಡುತ್ತಿದ್ದರು, ಕಡಲೆ ಹುರಿಯುವವನ ಬಾಣಲೆಯ ಸದ್ದು. ಆದರೆ ಸೇತುವೆಯ ಕೆಳಗೆ ಹರಿದುಬಂದು ಸೇರುವ ಚರಂಡಿಯ ನಾತ ಆ ಸೊಗಸನ್ನೆಲ್ಲ ಕೆಡಿಸುತ್ತದೆ. ಇಷ್ಟು ಜನ ಪ್ರೀತಿಸುವ ದಂಡೆಗೆ ಊರಿನ ಕೊಳಕು ನೀರು ಬಂದು ಬೀಳಬಾರದು.

ಸೋಮವಾರ

ಬೆಳಿಗ್ಗೆ ಜೆಟ್ಟಿಯ ಬಳಿ ಧ್ವಜ ಹಾರುತ್ತಿತ್ತು. ಎದೆಗೆ ಸಣ್ಣ ತ್ರಿವರ್ಣ ಚುಚ್ಚಿಕೊಂಡ ಶಾಲೆಯ ಮಕ್ಕಳು ಮಿಠಾಯಿ ಹಿಡಿದು ದೋಣಿ ಹತ್ತುತ್ತಿದ್ದರು. ಅವರ ಜೊತೆ ವೈಪಿನ್‌ಗೆ ಹೊರಟೆವು. 2004ರಲ್ಲಿ ಗೋಶ್ರೀ ಸೇತುವೆಗಳು ಆಗುವವರೆಗೆ ಈ ದ್ವೀಪದವರಿಗೆ ಎರ್ನಾಕುಲಂಗೆ ಬರಲು ದೋಣಿಯೇ ಗತಿಯಾಗಿತ್ತು. ಈಗ ಬಸ್ಸಿದ್ದರೂ ದೋಣಿ ತುಂಬಿಯೇ ಇತ್ತು.

ವೈಪಿನ್‌ನ ಕಾಳಮುಕ್ಕು ಮೀನು ಬಂದರಿನಲ್ಲಿ ಹರಾಜು ನಡೆಯುತ್ತಿತ್ತು. ಬಂಗಡೆ, ತಾರ್ಲೆಗಳ ರಾಶಿಯ ಸುತ್ತ ನಿಂತವರ ಕೂಗು ನನಗೆ ಒಂದಕ್ಷರವೂ ತಿಳಿಯಲಿಲ್ಲ. ಇವರು ಮಾತ್ರ ಬೆರಳುಗಳ ಸನ್ನೆ ನೋಡಿಯೇ ಬೆಲೆ ಏರುವುದನ್ನು ಹೇಳುತ್ತಿದ್ದರು. ಅಲ್ಲಿಂದ ಕಾರು, ಬೈಕುಗಳನ್ನು ಹೊತ್ತು ಅಳಿವೆ ದಾಟುವ ರೋ-ರೋ ಹಡಗಿನಲ್ಲಿ ಫೋರ್ಟ್ ಕೊಚ್ಚಿಗೆ ಬಂದೆವು. ಕೆಲವೇ ನಿಮಿಷಗಳ ದಾರಿ. ನಡುವೆ ದೊಡ್ಡ ಹಡಗೊಂದು ಒಳಬರುತ್ತಿದ್ದುದರಿಂದ ನಮ್ಮದು ಬದಿಗೆ ಸರಿದು ಕಾಯಿತು. ಆ ಹಡಗಿನ ಕಬ್ಬಿಣದ ಗೋಡೆ ನಮ್ಮ ಮುಂದೆ ಸರಿದುಹೋಗುವಾಗ ಬೈಕಿನ ಮೇಲಿದ್ದವರೂ ಇಳಿದು ನಿಂತು ನೋಡಿದರು.

ಎರ್ನಾಕುಲಂಗೆ ಮರಳಲು ಬೇಕೆಂದೇ ಹಳೆಯ ಸರ್ಕಾರಿ ದೋಣಿಯನ್ನು ಹತ್ತಿದೆವು. ಹತ್ತು ರೂಪಾಯಿಗೂ ಕಡಿಮೆ ಟಿಕೆಟ್ಟು, ಮರದ ಬೆಂಚು, ತೆರೆದ ಕಿಟಕಿ, ಎಂಜಿನ್ನಿನ ಗಡಗಡ. ಇದರಲ್ಲಿ ಚುಕ್ಕಾಣಿ ಹಿಡಿಯುವ ಸ್ರಾಂಗ್ ಮುಂದೆ ಎತ್ತರದಲ್ಲಿ ನಿಲ್ಲುತ್ತಾನೆ. ಎಂಜಿನ್ ನೋಡಿಕೊಳ್ಳುವ ಚಾಲಕ ಕೆಳಗೆ ಎಂಜಿನ್ ಪಕ್ಕದಲ್ಲಿರುತ್ತಾನೆ. ಇಬ್ಬರಿಗೂ ಒಬ್ಬರ ಮುಖ ಒಬ್ಬರಿಗೆ ಕಾಣದು. ಸ್ರಾಂಗ್ ಹಗ್ಗ ಎಳೆದು ಗಂಟೆ ಬಾರಿಸಿದರೆ, ಆ ಗಂಟೆಯ ಲೆಕ್ಕಕ್ಕೆ ತಕ್ಕಂತೆ ಚಾಲಕ ವೇಗ ಹೆಚ್ಚಿಸುತ್ತಾನೆ, ತಗ್ಗಿಸುತ್ತಾನೆ, ಹಿಂದಕ್ಕೆ ಓಡಿಸುತ್ತಾನೆ. ಜೆಟ್ಟಿ ಹತ್ತಿರವಾದಾಗ ಗಂಟೆ ಬಿಡದೆ ಬಾರಿಸತೊಡಗಿತು. ದೋಣಿಯನ್ನು ಕಟ್ಟುವ ಆಳಾದ ಲಸ್ಕರ್ ಹಗ್ಗದ ಕುಣಿಕೆಯನ್ನು ಬೀಸಿ ಎಸೆದು ಗೂಟಕ್ಕೆ ಸಿಕ್ಕಿಸಿ, ದೋಣಿ ಪೂರ್ತಿ ನಿಲ್ಲುವ ಮೊದಲೇ ಜಿಗಿದ. ಜಲಮೆಟ್ರೊದ ನೆಮ್ಮದಿ ನನಗೆ ಬಹಳ ಇಷ್ಟವಾಯಿತು; ಅಜ್ಜಿಯ ಗಾಲಿಕುರ್ಚಿ ಈ ಹಳೆಯ ದೋಣಿಗೆ ಹತ್ತಲಾರದು. ಆದರೂ ಬಡವರ ಕೈಗೆಟುಕುವ ಈ ದೋಣಿಗಳೂ ಹೊಸದರ ಜೊತೆಗೆ ಓಡುತ್ತಿರಬೇಕೆಂದು ನನಗೆ ಅನ್ನಿಸಿತು. ನಮ್ಮ ಪಕ್ಕದಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡು ಕುಳಿತಿದ್ದ ಹೆಂಗಸಿಗೆ ದಿನಕ್ಕೆ ಎರಡು ಸಲ ದಾಟಲು ಬೇಕಾದದ್ದು ಈ ಟಿಕೆಟ್ಟೇ.

ಮಧ್ಯಾಹ್ನ ನಾನು ಬಾಳೆಯೆಲೆಯ ಊಟ ಮಾಡಿದೆ, ಇವರು ಕರಿಮೀನು ತಿಂದರು. ಸಂಜೆ ವೈಟಿಲದಿಂದ ಬೆಂಗಳೂರಿನ ಬಸ್ಸು.

ಹೋಗುವವರಿಗೆ ಕೆಲವು ಮಾತು. ಸಿನಗಾಗ್ ಶನಿವಾರ ಮುಚ್ಚಿರುತ್ತದೆ, ಮಟ್ಟಾಂಚೇರಿ ಅರಮನೆ ಶುಕ್ರವಾರ. ದಿನ ನೋಡಿಕೊಂಡು ಹೊರಡಿ. ಬಜಾರ್ ರಸ್ತೆಯ ವ್ಯಾಪಾರವನ್ನು ನೋಡುವ ಆಸೆಯಿದ್ದರೆ ಭಾನುವಾರ ಬೇಡ. ಜೆಟ್ಟಿಯ ಬಳಿ ಖಾಸಗಿ ದೋಣಿಯವರು ನಿಮ್ಮನ್ನು ಕರೆಯುತ್ತಾರೆ. ಅದಕ್ಕೆ ಮೊದಲು ಊರಿನವರು ಹತ್ತುವ ದೋಣಿಯಲ್ಲಿ, ಸಾಧ್ಯವಾದರೆ ಕಿಟಕಿಯ ಪಕ್ಕ ಕುಳಿತು, ಹೈಕೋರ್ಟ್‌ನಿಂದ ಫೋರ್ಟ್ ಕೊಚ್ಚಿಯವರೆಗೆ ಒಮ್ಮೆ ಹೋಗಿ ಬನ್ನಿ. ರಜೆಯ ದಿನಗಳಲ್ಲಿ ಸಂಜೆ ಮರಳುವ ದೋಣಿಗೆ ಸಾಲು ಉದ್ದವಿರುತ್ತದೆ. ಸೂರ್ಯಾಸ್ತ ನೋಡಿಯೇ ಬರುವುದಾದರೆ ಕೊನೆಯ ದೋಣಿಯ ವೇಳೆಯನ್ನು ಇಳಿಯುವಾಗಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು.